ಇಳಿಜಾರಿನ ಒಂದು ರಿಂಗ್

ಒಂದು ರಿಂಗ್ ಬಂದರೆ ಲುಲ್ಲಾನಗರದ ಇಳಿಜಾರು ದಾಟಿದರು ಎಂದು ಅರ್ಥ. ಎರಡು ರಿಂಗ್ ಬಂದರೆ ಆಫೀಸು ಮುಟ್ಟಿದರು ಎಂದು. ಫೋನ್ ಎತ್ತುವ ಪ್ರಶ್ನೆಯೇ ಇಲ್ಲ. ಮಿಸ್ ಕಾಲ್ ಎಂದ ಮೇಲೆ ಎತ್ತಿದರೆ ಅದರ ಮರ್ಯಾದೆ ಉಳಿಯುವುದಿಲ್ಲ. ಈ ಕರಾರನ್ನು ಮಾಡಿದವಳು ತ್ರಿವೇಣಿ, ಒಪ್ಪಿಕೊಂಡವನು ಅವಳ ಗಂಡ ಸಿದ್ದಾರೂಢ.

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಅವನು ಸೈಕಲ್ ಹತ್ತಿ ಪುಣೆಯ ಕೊಂಢವಾ ಬಡಾವಣೆಯ ಅವರ ಗಲ್ಲಿಯ ತಿರುವಿನಲ್ಲಿ ಮರೆಯಾದ ಮೇಲೆ, ತ್ರಿವೇಣಿ ಅಡುಗೆಮನೆಗೆ ಬಂದು ಮೊಬೈಲನ್ನು ಅಕ್ಕಿಯ ಡಬ್ಬಿಗೆ ಆನಿಸಿ ನಿಲ್ಲಿಸುತ್ತಿದ್ದಳು. ಆಗಿನಿಂದ ಒಂಬತ್ತು ಐವತ್ತರವರೆಗೆ ಆ ಮನೆಯಲ್ಲಿ ಮಿಕ್ಸರ್ ಹಾಕುವಂತಿರಲಿಲ್ಲ. ಸದ್ದಿನಲ್ಲಿ ರಿಂಗ್ ಕೇಳಿಸದೆ ಹೋದೀತು. ಒಂಬತ್ತೂವರೆಗೆ ಬರಬೇಕಾದ ಮೊದಲ ರಿಂಗ್ ಎರಡು ನಿಮಿಷ ತಡವಾದರೆ ಅವಳು ಗ್ಯಾಸ್ ಸಣ್ಣ ಮಾಡಿ ನಿಲ್ಲುತ್ತಿದ್ದಳು. ಮೂರು ನಿಮಿಷವಾದರೆ ಆರಿಸಿಯೇ ಬಿಡುತ್ತಿದ್ದಳು. ಅಷ್ಟರಲ್ಲಿ ಪರದೆ ಬೆಳಗಿ ‘ಸ್ನೇಹಲ್ ಪಪ್ಪಾ’ ಎಂಬ ಹೆಸರು ಮೂಡಿ, ಒಂದು ಸಲ ಮಿಡಿದು, ಆರಿಹೋಗುತ್ತಿತ್ತು. ಫೋನಿನಲ್ಲಾದರೂ ಗಂಡನ ಹೆಸರನ್ನು ಹೆಸರಿನಂತೆಯೇ ಬರೆಯಲು ಅವಳಿಗೆ ಮನಸ್ಸು ಬಂದಿರಲಿಲ್ಲ; ಮಗಳ ಹೆಸರನ್ನು ಮುಂದಿಟ್ಟುಕೊಂಡಿದ್ದಳು. ಮಗಳು ಸ್ನೇಹಲ್ ತಳೇಗಾಂವದ ಕಾಲೇಜಿನ ಹಾಸ್ಟೆಲ್‌ನಲ್ಲಿದ್ದಳು.

“ಫೋನಿಗೆ ಒಂದು ಊದಿನಕಡ್ಡಿ ಹಚ್ಚೂದು ಉಳದದ ನೋಡು,” ಎನ್ನುತ್ತಿದ್ದರು ಅತ್ತೆ ಶಿವಬಸವ್ವ. ಬೈಲಹೊಂಗಲದಿಂದ ಪುಣೆಗೆ ಬಂದು ಹದಿನಾಲ್ಕು ವರ್ಷವಾಗಿದ್ದರೂ ಅವರ ನಾಲಿಗೆ ಅಲ್ಲಿಯದೇ.

“ಹಚ್ಚತೀನ್ರಿ ಅತ್ಯಾರ. ರಿಂಗ್ ಬರಲಿ ಮೊದಲ.”

ಇದೆಲ್ಲ ಶುರುವಾದದ್ದು ೨೦೦೬ರ ದೀಪಾವಳಿ ಕಳೆದ ಮೇಲೆ. ಸಿದ್ದಾರೂಢನಿಗೆ ಆಗ ಐವತ್ತೆರಡು. ಊರ ನಡುವಿನ ಕ್ಯಾಂಪ್ ಪ್ರದೇಶದ ಒಂದು ವಿಮಾ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಎರಡು ವರ್ಷದ ಹಿಂದೆ ಕಾರು ಕೊಂಡಿದ್ದ. ಕೊಂಡ ದಿನ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಓಡಿಸಿ, ಚೆಂಡು ಹೂವಿನ ಮಾಲೆ ಹಾಕಿ, ಇಡೀ ಬಿಲ್ಡಿಂಗಿಗೆ ಪೇಢೆ ಹಂಚಿದ್ದರು. ಆ ಕಾರಿನಲ್ಲಿ ಏಳು ಕಿಲೋಮೀಟರ್ ಹೋಗಲು ಅವನಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಹೋದ ಮೇಲೆ ನಿಲ್ಲಿಸಲು ಜಾಗ ಹುಡುಕುತ್ತ ಇನ್ನೊಂದು ಕಾಲು ಗಂಟೆ. ಕೂತು ಹೋಗಿ, ಕೂತು ಕೆಲಸ ಮಾಡಿ, ಕೂತು ಮರಳುತ್ತಿದ್ದ. ದೀಪಾವಳಿಯ ನಂತರ ರಕ್ತ ತೋರಿಸಿದಾಗ ಮೂರು ತಿಂಗಳ ಸಕ್ಕರೆಯ ಲೆಕ್ಕ ಒಂಬತ್ತರ ಮೇಲಿತ್ತು. ಕಾಲು ಆಡಿಸದಿದ್ದರೆ ಮುಂದಿನ ಸಲ ಗುಳಿಗೆಯಲ್ಲ, ಸೂಜಿಯೇ ಎಂದರು ಡಾಕ್ಟರು.

ಮೂರು ದಿನ ಅವನು ಕಾರಿನಲ್ಲೇ ಹೋದ. ನಾಲ್ಕನೆಯ ದಿನ, ಭಾನುವಾರ, ಬಿಲ್ಡಿಂಗಿನ ಮೆಟ್ಟಿಲ ಕೆಳಗೆ ಹತ್ತು ವರ್ಷದಿಂದ ಧೂಳು ಕುಡಿಯುತ್ತಿದ್ದ ಕರಿ ಸೈಕಲನ್ನು ಹೊರಗೆಳೆದು, ಚೌಕದಲ್ಲಿ ಪಂಕ್ಚರ್ ತಿದ್ದುವ ಬಾಳುವಿನ ಮುಂದೆ ನಿಲ್ಲಿಸಿದ. ಸಂಜೆ ಹೊಸ ಟಯರು, ಹೊಸ ಬ್ರೇಕು, ಹಳೆಯ ಗಂಟೆಯೊಂದಿಗೆ ಅದು ಮರಳಿ ಬಂತು.

“ಮನಿ ಮುಂದ ಕಾರ್ ನಿಂದರಿಸಿ ಸೈಕಲ್ ಮ್ಯಾಲೆ ಹೊಂಟ್ರ ಮಂದಿ ನಗತಾರ ಸಿದ್ದು,” ಎಂದರು ಶಿವಬಸವ್ವ.

“ನಗಲಿ ಬಿಡವ್ವಾ. ನಕ್ಕವರಿಗೂ ವ್ಯಾಯಾಮ ಆಗ್ತದಂತ.”

ತ್ರಿವೇಣಿ ನಗಲಿಲ್ಲ. ಅವಳು ಸೈಕಲ್ಲಿನ ಗಂಟೆಯನ್ನು ನೋಡುತ್ತಿದ್ದಳು.

ಅದೇ ಗಂಟೆ. ೧೯೮೬ರಲ್ಲಿ, ಮದುವೆಯಾಗಿ ಧಾರವಾಡದಿಂದ ಬಂದ ಮೊದಲ ತಿಂಗಳಲ್ಲಿ, ಈ ಊರನ್ನು ಕಂಡು ಅವಳಿಗೆ ಬೆರಗಾಗಿತ್ತು. ಬೆಳಿಗ್ಗೆ ಎಂಟಕ್ಕೆ ಪೇಠೆಯ ಬೀದಿಗಳಲ್ಲಿ ನೀರು ಬಿಟ್ಟಂತೆ ಸೈಕಲ್ಲುಗಳು. ಕಾರಕೂನರು, ಕಾಲೇಜಿನ ಹುಡುಗಿಯರು, ಒಂಬತ್ತು ಗಜದ ಸೀರೆಯುಟ್ಟ ಹಾಲು ಮಾರುವ ಹೆಂಗಸು, ಎಲ್ಲರೂ ಸೈಕಲ್ ಮೇಲೆ. ಅವಳಿಗೆ ಮಾತ್ರ ಬರುತ್ತಿರಲಿಲ್ಲ. ಸಿದ್ದಾರೂಢ ಅವಳನ್ನು ಒಂದು ಮೈದಾನಕ್ಕೆ ಕರೆದೊಯ್ದು ಕಲಿಸಲು ನಿಂತ. ಹಿಂದಿನ ಕ್ಯಾರಿಯರ್ ಹಿಡಿದು ಓಡುತ್ತ, “ಹಿಡದೀನಿ, ಹಿಡದೀನಿ, ಹಿಂದ ನೋಡಬ್ಯಾಡ,” ಎನ್ನುತ್ತಿದ್ದ. ತ್ರಿವೇಣಿ ಹಿಂದೆ ನೋಡುವ ಹೆಂಗಸು. ಬಾಗಿಲು ಹಾಕಿದ ಮೇಲೂ ಕೀಲಿಯನ್ನು ಎರಡು ಸಲ ಎಳೆದು ನೋಡುವವಳು. ಅವಳು ನೋಡಿದಳು. ಅವನು ಅಷ್ಟು ದೂರದಲ್ಲಿ, ಕಬ್ಬಿನ ಹಾಲಿನ ಗಾಡಿಯ ಪಕ್ಕ, ಎರಡೂ ಕೈ ಸೊಂಟದ ಮೇಲಿಟ್ಟು ನಿಂತಿದ್ದ. ಅವಳು ಬಿದ್ದಳು. ಬಲ ಮೊಣಕಾಲಿನ ಮೇಲೆ ಆ ಗುರುತು ಇನ್ನೂ ಇದೆ.

ಮರುದಿನ ಅವಳು ಒಂದು ಷರತ್ತು ಹಾಕಿದ್ದಳು. ಹಿಡಿಯುವುದು ಬೇಡ. ನೀವು ನಿಮ್ಮ ಸೈಕಲ್ ಮೇಲೆ ಮುಂದೆ ಹೋಗಿ, ಆದರೆ ನಿಲ್ಲದೆ ಗಂಟೆ ಬಾರಿಸುತ್ತಿರಿ, ಇದ್ದೀರಿ ಎಂದು ನನಗೆ ಗೊತ್ತಾಗಲಿ. ಹಾಗೆ ಅವಳು ಸೈಕಲ್ ಕಲಿತಳು. ನಾಲ್ಕೈದು ವರ್ಷ ಓಡಿಸಿದಳು ಕೂಡ. ಆಮೇಲೆ ನೋಡನೋಡುತ್ತ ಊರು ಬದಲಾಯಿತು. ಮೊದಲು ಸೈಕಲ್ಲುಗಳ ನಡುವೆ ಸ್ಕೂಟರುಗಳು ದಾರಿ ಕೇಳುತ್ತಿದ್ದವು, ನಂತರ ಸ್ಕೂಟರುಗಳ ನಡುವೆ ಸೈಕಲ್ಲುಗಳು. ಕಡೆಗೆ ದಾರಿ ಕೇಳುವುದನ್ನೇ ಎಲ್ಲರೂ ಬಿಟ್ಟರು. ಅವಳು ತನ್ನ ಸೈಕಲನ್ನು ಕೆಲಸದ ರಂಗೂಬಾಯಿಯ ಮಗಳಿಗೆ ಕೊಟ್ಟುಬಿಟ್ಟಿದ್ದಳು.

ಆ ಭಾನುವಾರ ರಾತ್ರಿ ಊಟದ ಹೊತ್ತಿಗೆ ಅವಳು ಮಾತು ತೆಗೆದಳು.

“ಹೋಗ್ರಿ. ನಾ ಬ್ಯಾಡ ಅನ್ನೂದಿಲ್ಲ. ಫೆಬ್ರವರಿಗೆ ಮತ್ತ ರಕ್ತ ತೋರಸೋಣ. ಸಕ್ರಿ ಇಳದಿದ್ರ ಸೈಕಲ್ ಇರಲಿ. ಆದ್ರ ಅಲ್ಲೀತನಕ ದಿನಾ ಮಿಸ್ ಕಾಲ್ ಕೊಡಬೇಕು. ಇಳಿಜಾರು ಇಳದ ಕೂಡ್ಲೆ ಒಂದು ರಿಂಗ್, ಆಫೀಸ್ ಮುಟ್ಟಿದ ಮ್ಯಾಲೆ ಎರಡು.”

“ಇಳಿಜಾರಿನಾಗ ಎಲ್ಲಿ ನಿಂದರ್ಲಿ?”

“ಕೆಳಗ ಎಡಕ್ಕ ಪಾನ್ ಅಂಗಡಿ ಅದ ನೋಡ್ರಿ. ಅದರ ಮುಂದ ಜಾಗಾ ಅದ.” ಆ ಜಾಗವನ್ನು ಅವಳು ಎಂದೋ ಒಂದು ಭಾನುವಾರ ಮಧ್ಯಾಹ್ನ ಕಾರಿನ ಕಿಟಕಿಯಿಂದ ನೋಡಿ ಮನಸ್ಸಿನಲ್ಲಿಟ್ಟುಕೊಂಡಿದ್ದಳು. “ಒಂದು ದಿನ ತಪ್ಪಿದ್ರೂ ಆವತ್ತ ಸಂಜೀಕ ಸೈಕಲ್ ಗುಜರಿ ಕೊಳ್ಳೂ ಭಂಗಾರದವನ ಪಾಲು.”

“ಪೊಲೀಸ್ ಠಾಣೇದಾಗ ಹಾಜರಿ ಕೊಟ್ಟಂಗ ಆತು.”

“ಹಂಗ ಅನ್ಕೋರಿ.”

ಮೂರು ತಿಂಗಳಲ್ಲಿ ಒಂದು ದಿನವೂ ತಪ್ಪಲಿಲ್ಲ. ಅವನು ಪ್ಯಾಂಟಿನ ಅಂಚು ಚೈನಿಗೆ ಸಿಗದಂತೆ ಅವಳ ಬಟ್ಟೆ ಒಣಹಾಕುವ ತಂತಿಯಿಂದ ಎರಡು ಕೆಂಪು ಕ್ಲಿಪ್ಪುಗಳನ್ನು ತೆಗೆದು ಕಾಲಿಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದ. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಬಿತ್ತು. ಸಂಜೆ ಇಳಿಜಾರನ್ನು ಸೈಕಲ್ ತಳ್ಳಿಕೊಂಡೇ ಹತ್ತಿ ಬರುತ್ತಿದ್ದ. ಬೆವರಿರುತ್ತಿದ್ದ, ಆದರೆ ಮೊದಲಿನಂತೆ ಮುಖ ಗಂಟಿಕ್ಕಿರುತ್ತಿರಲಿಲ್ಲ. ದಾರಿಯಲ್ಲಿ ಕಂಡದ್ದನ್ನು ಹೇಳುತ್ತಿದ್ದ. ಗೋಳೀಬಾರ್ ಮೈದಾನದ ಹತ್ತಿರ ಒಬ್ಬ ಮುದುಕ ಸೈಕಲ್ ಹಿಂದೆ ಗಿಣಿಯ ಪಂಜರ ಇಟ್ಟುಕೊಂಡು ಹೋಗುತ್ತಾನಂತೆ. ಸಿಗ್ನಲ್ಲಿನಲ್ಲಿ ಒಬ್ಬ ಕಾರಿನವನು ಕಿಟಕಿ ಇಳಿಸಿ, “ಕಾಕಾ, ನಿಮ್ಮದಕ್ಕ ಪೆಟ್ರೋಲ್ ಎಲ್ಲಿ ಹಾಕಸ್ತೀರಿ?” ಎಂದು ಕೇಳಿದನಂತೆ. ಕಾರಿನಲ್ಲಿ ಹೋಗುತ್ತಿದ್ದಾಗ ಅವನ ಬಾಯಿಂದ ಬರುತ್ತಿದ್ದದ್ದು ಟ್ರಾಫಿಕ್ ಎಂಬ ಒಂದೇ ಮಾತು.

ಇತ್ತ ಕಾರು ಕವರ್ ಹೊದ್ದು ಬಿಲ್ಡಿಂಗಿನ ಮುಂದೆ ನಿಂತಿತು. ಜನವರಿ ಕಳೆದು ಬಿಸಿಲು ಚುರುಕಾದ ಮೇಲೆ ಶಿವಬಸವ್ವ ಅದರ ನೆತ್ತಿಯ ಮೇಲೆ ಹಳೆಯ ಧೋತರ ಹಾಸಿ ಸಂಡಿಗೆ ಒಣಹಾಕತೊಡಗಿದರು. ಕೆಳಗಿನ ಮನೆಯ ಸುಲಭಾ ತ್ರಿವೇಣಿಯನ್ನು ಅತ್ತಿಗೆ ಎಂದು ಕರೆದು ಮರಾಠಿಯಲ್ಲಿ, “ವಹಿನಿ, ಕಾರು ಮಾರೂದಿದ್ರ ಹೇಳ್ರಿ. ಸಂಡಿಗೀ ಸಮೇತ ತಗೋತೀವಿ,” ಎಂದಳು. ಆದರೆ ಅದೇ ವಾರ ಸುಲಭಾಳ ಗಂಡ ಬಾಳುವಿನ ಅಂಗಡಿಯಲ್ಲಿ ಒಂದು ಹಳೆಯ ಸೈಕಲನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದುದನ್ನು ತ್ರಿವೇಣಿ ಗಮನಿಸದೆ ಇರಲಿಲ್ಲ.

ಅವಳು ಗಮನಿಸಿದ್ದು ಇನ್ನೂ ಒಂದಿತ್ತು. ಮೊದಲ ವಾರವೇ ಸೈಕಲ್ಲಿನ ಹಿಂದಿನ ಮಡ್‌ಗಾರ್ಡ್ ತಗ್ಗಾಗಿತ್ತು. ಕೇಳಿದಾಗ, “ಆಫೀಸ್ ಕಂಪೌಂಡಿನಾಗ ಯಾರೋ ಸ್ಕೂಟರ್ ತಾಗಿಸ್ಯಾರ,” ಎಂದಿದ್ದ. ಅದರ ಮರುದಿನದಿಂದಲೇ ಟಿಫಿನ್ ಚೀಲ ಸೈಕಲ್ ಮೇಲೆ ಹೋಗುವುದು ನಿಂತಿತು. ರಸ್ತೆಯ ಕುಲುಕಾಟಕ್ಕೆ ಬೇಳೆಸಾರು ಚೆಲ್ಲುತ್ತದೆ ಎಂದು ಹೇಳಿ, ಅವನು ಚೀಲವನ್ನು ಗಲ್ಲಿಯ ತುದಿಯಲ್ಲಿ ವಿಕಾಸನ ಕೈಗೆ ಕೊಟ್ಟು ಹೋಗುತ್ತಿದ್ದ. ವಿಕಾಸ ಅದೇ ಕಚೇರಿಯ ಹುಡುಗ, ಬೆಳಗಾವಿ ಕಡೆಯವನು, ಪಕ್ಕದ ಬಿಲ್ಡಿಂಗಿನಲ್ಲಿ ಬಾಡಿಗೆಗಿದ್ದ. ಮೋಟಾರ್‌ಸೈಕಲ್ ಮೇಲೆ ಸಿದ್ದಾರೂಢನಿಗಿಂತ ಕಾಲು ಗಂಟೆ ಮುಂಚೆ ಆಫೀಸು ಮುಟ್ಟುತ್ತಿದ್ದ. ಸಾರು ಚೆಲ್ಲುವುದು ನಿಜವೇ ಆದ್ದರಿಂದ ತ್ರಿವೇಣಿ ಇದರ ಬಗ್ಗೆ ಮತ್ತೇನೂ ಯೋಚಿಸಲಿಲ್ಲ.

ಫೆಬ್ರವರಿಯ ಎರಡನೆಯ ವಾರ ರಕ್ತ ಕೊಟ್ಟು ಬಂದರು. ರಿಪೋರ್ಟು ಬುಧವಾರ ಸಿಗುವುದಿತ್ತು. ಲ್ಯಾಬು ಕ್ಯಾಂಪಿನಲ್ಲೇ. ಅವನೇ ತರುತ್ತೇನೆ ಎಂದಿದ್ದ, ಆದರೆ ತ್ರಿವೇಣಿಗೆ ಸಂಜೆಯವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಅವಳ ಕೆಲಸ ಶಾಲೆಯೊಂದರ ಲೈಬ್ರರಿಯಲ್ಲಿ, ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಹೋಗಿ ಬರಬಹುದು. ಅವನು ಹೊರಟ ಹತ್ತು ನಿಮಿಷಕ್ಕೆ, ಯಾರಿಗೂ ಹೇಳದೆ, ಮೂಲೆಯ ಸ್ಟ್ಯಾಂಡಿನ ಕೃಷ್ಣಾಜಿಯ ರಿಕ್ಷಾ ಹತ್ತಿದಳು. ಮೊಬೈಲನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ಒಂಬತ್ತೂವರೆ ಆಗುವುದರಲ್ಲಿತ್ತು.

ಲುಲ್ಲಾನಗರದ ಚೌಕ ದಾಟಿ ರಿಕ್ಷಾ ಇಳಿಜಾರಿಗೆ ಬಂದಾಗ ಮುಂದೆ ವಾಹನಗಳ ಸಾಲು ನಿಧಾನವಾಗಿ ಜಾರುತ್ತಿತ್ತು. ಎಡಗಡೆ ಅಂಚಿನಲ್ಲಿ, ಒಂದು ಟೆಂಪೋ ಮತ್ತು ಒಂದು ಬಸ್ಸಿನ ನಡುವೆ, ಅವಳಿಗೆ ಮೊದಲು ಕಂಡದ್ದು ಎರಡು ಕೆಂಪು ಕ್ಲಿಪ್ಪುಗಳು. ಆಮೇಲೆ ಅವಳೇ ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ. ನೆಟ್ಟಗೆ ಕೂತ ಬೆನ್ನು. ಎರಡೂ ಕೈ ಹ್ಯಾಂಡಲ್ ಮೇಲೆ, ಬೆರಳುಗಳು ಬ್ರೇಕಿನ ಮೇಲೆ.

ಆಗ ಅವಳ ಕೈಯಲ್ಲಿದ್ದ ಫೋನು ಮಿಡಿಯಿತು. ಸ್ನೇಹಲ್ ಪಪ್ಪಾ. ಒಂದು ರಿಂಗ್. ನಿಂತಿತು.

ತ್ರಿವೇಣಿ ಫೋನನ್ನು ನೋಡಿದಳು, ಮುಂದಿನ ಬೆನ್ನನ್ನು ನೋಡಿದಳು, ಮತ್ತೆ ಫೋನನ್ನು ನೋಡಿದಳು. ಇಳಿಜಾರು ದಾಟಿದೆ ಎಂದು ಹೇಳಿದವನು ಇಳಿಜಾರಿನ ನಡುವೆ ಇದ್ದ. ಅವನ ಒಂದು ಬೆರಳೂ ಬ್ರೇಕಿನಿಂದ ಅಲುಗಿರಲಿಲ್ಲ.

“ನಿಲ್ಲಸ್ರಿ,” ಎಂದಳು ಮರಾಠಿಯಲ್ಲಿ. “ಎಡಕ್ಕ ತಗೊಂಡು ಸ್ವಲ್ಪ ನಿಲ್ಲಸ್ರಿ.”

ಕೃಷ್ಣಾಜಿ ಕನ್ನಡಿಯಲ್ಲಿ ಅವಳನ್ನು ನೋಡಿದ. “ಬಾಯಿ, ಇಲ್ಲಿ ಯಾರೂ ನಿಲ್ಲೂದಿಲ್ಲ. ನಿಂತ್ರ ಹಿಂದಿನವ ಮ್ಯಾಲೆ ಬರ್ತಾನ.”

“ಕೆಳಗ ಪಾನ್ ಅಂಗಡಿ ಹತ್ರ?”

“ಯಾವ ಪಾನ್ ಅಂಗಡಿ? ರಸ್ತಾ ಅಗಲ ಮಾಡಿದ್ರಲ್ಲ, ಕಿತ್ತು ಒಂದು ವರ್ಷದ ಮ್ಯಾಲಾತು. ಫುಟ್‌ಪಾತ್ ಸುದ್ದಾ ಉಳದಿಲ್ಲ.”

ಅವಳು ಹೊರಗೆ ಬಗ್ಗಿ ನೋಡಿದಳು. ಅಂಗಡಿ ಇದ್ದ ಕಡೆ ಕೆತ್ತಿದ ಗೋಡೆ. ಗೋಡೆಗೂ ಬಸ್ಸಿಗೂ ನಡುವೆ ಒಂದು ಸೈಕಲ್ ಹೋಗುವಷ್ಟು ಜಾಗ. ನಿಲ್ಲುವಷ್ಟಲ್ಲ. ಅವಳು ನೋಡುತ್ತಿದ್ದಂತೆಯೇ ಮುಂದೊಬ್ಬ ಸ್ಕೂಟರಿನವನು ಫೋನ್ ತೆಗೆಯಲೆಂದು ಕಾಲು ಊರಿದ. ಹಿಂದಿದ್ದ ಟೆಂಪೋ ಬ್ರೇಕು ಕಿರುಚಿ ಅವನ ಬೆನ್ನಿಗೆ ಒಂದು ಮೊಳ ದೂರದಲ್ಲಿ ನಿಂತಿತು. ಅವನು ಬೈಗುಳ ತಿಂದು ಮುಂದೆ ಹೋದ. ತ್ರಿವೇಣಿಗೆ ಮಡ್‌ಗಾರ್ಡಿನ ತಗ್ಗು ನೆನಪಾಯಿತು.

“ಆ ನೀಲಿ ಅಂಗೀ ಸೈಕಲ್ ಹಿಂದ ಹೋಗ್ರಿ,” ಎಂದಳು.

“ಯಾರ ಅವರು?”

“ನಮ್ಮ ಮನಿಯವರು.”

ಕೃಷ್ಣಾಜಿ ಗೇರು ಬದಲಿಸಿದ. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ, “ಬಾಯಿ, ಬ್ಯಾರೆ ಹೆಣ್ಣು ಗಿಣ್ಣು ಇದ್ದವರು ಸೈಕಲ್ ಮ್ಯಾಲೆ ಹೋಗೂದಿಲ್ಲ. ನಾ ಇಪ್ಪತ್ತು ವರ್ಷ ರಿಕ್ಷಾ ಹೊಡದೀನಿ.”

ಬೆನ್ನಟ್ಟುವುದಂತೂ ಆಗಲಿಲ್ಲ. ಇಳಿಜಾರಿನ ಬುಡದಲ್ಲಿ ಸಿಗ್ನಲ್ ಬಿತ್ತು. ಸೈಕಲ್ಲು ಬಸ್ಸಿನ ಪಕ್ಕದಿಂದ, ಕಾರುಗಳ ಸಂದಿಯಿಂದ, ಹೆಣಿಗೆಯ ಸೂಜಿಯಂತೆ ನುಸುಳಿ ಮುಂದೆ ಹೋಯಿತು. ನೀಲಿ ಅಂಗಿ ಸಣ್ಣದಾಗುತ್ತ ಹೋಗಿ ಮರೆಯಾಯಿತು. ಆ ಆತಂಕದಲ್ಲೂ ಅವಳು ಒಂದನ್ನು ಕಂಡಳು. ಅವನು ಎಲ್ಲಿಯೂ ಅವಸರ ಮಾಡಲಿಲ್ಲ. ಪ್ರತಿ ತಿರುವಿನಲ್ಲಿ ಹಿಂದೆ ತಿರುಗಿ ನೋಡಿ, ಕೈ ತೋರಿಸಿ ಹೋಗುತ್ತಿದ್ದ. ಹಿಂದೆ ನೋಡಬೇಡ ಎನ್ನುತ್ತಿದ್ದ ಮನುಷ್ಯ.

ಪುಲ್ ಗೇಟಿನ ಹತ್ತಿರ ರಿಕ್ಷಾ ಸಿಕ್ಕಿಕೊಂಡಿದ್ದಾಗ ಎರಡು ರಿಂಗ್ ಬಂದವು. ರಿಕ್ಷಾ ಕ್ಯಾಂಪು ಮುಟ್ಟಿದ್ದು ಅದಾದ ಹನ್ನೆರಡು ನಿಮಿಷಕ್ಕೆ.

ಲ್ಯಾಬಿನಲ್ಲಿ ಲಕೋಟೆ ತೆಗೆದುಕೊಂಡು, ಅಲ್ಲಿಯ ಬೆಂಚಿನ ಮೇಲೆ ಕೂತು ಬಿಡಿಸಿದಳು. ಏಳು ಪಾಯಿಂಟ್ ಎರಡು. ಹಳೆಯ ರಿಪೋರ್ಟನ್ನೂ ಪರ್ಸಿನಿಂದ ತೆಗೆದು ಪಕ್ಕದಲ್ಲಿಟ್ಟು, ಹೆಸರು, ವಯಸ್ಸು, ತಾರೀಖು ಸರಿಯಿದೆಯೇ ಎಂದು ಎರಡೆರಡು ಸಲ ನೋಡಿದಳು. ಸರಿಯಿತ್ತು. ಬೇರೆ ದಿನವಾಗಿದ್ದರೆ ಅಲ್ಲಿಯೇ ಕೈ ಮುಗಿಯುತ್ತಿದ್ದಳು. ಈಗ ಆ ಕಾಗದವನ್ನು ಹಿಡಿದುಕೊಂಡು, ಸಂತೋಷಪಡಲೋ ಸಿಟ್ಟಾಗಲೋ ಗೊತ್ತಾಗದೆ, ಅವನ ಕಚೇರಿಯ ಎದುರಿನ ಚಹಾದ ಗಾಡಿಯವರೆಗೆ ನಡೆದು ಬಂದಳು.

ವಿಕಾಸ ಅಲ್ಲಿ ನಿಂತು ಚಹಾ ಕುಡಿಯುತ್ತಿದ್ದ. ಅವಳನ್ನು ಕಂಡವನೇ ಗ್ಲಾಸನ್ನು ಬೆನ್ನ ಹಿಂದೆ ಹಿಡಿದ, ಅದರಲ್ಲಿ ಬೇರೇನೋ ಇದ್ದಂತೆ.

“ವಹಿನಿ, ನೀವು ಇಲ್ಲಿ?”

“ಅವರ ಫೋನ್ ಎಲ್ಲಿರ್ತದ ವಿಕಾಸ?”

ಅವನು ಸುಳ್ಳು ಹುಡುಕಲು ಆಚೀಚೆ ನೋಡಿದ. ಸಿಗಲಿಲ್ಲ. “ಟಿಫಿನ್ ಚೀಲದಾಗರಿ. ಬಾಜೂ ಕಿಸೇದಾಗ.”

ಆ ಚೀಲವನ್ನು ದಿನಾ ಕಟ್ಟಿ ಕೊಡುತ್ತಿದ್ದವಳು ಅವಳೇ.

“ಸಾಹೇಬ್ರು ಮೊದಲ ನಾಕು ದಿನ ನೀವು ಹೇಳಿದಂಗ ನಿಂತ್ರು ವಹಿನಿ. ನಾಕನೇ ದಿನ ಟೆಂಪೋದವ ಹಿಂದಿಂದ ತಾಗಿಸಿದ. ಬಿದ್ರು. ಏನೂ ಆಗಲಿಲ್ಲ, ಅಂಗೈ ತರಚಿತ್ತು, ಅಷ್ಟ. ಇಲ್ಲಿ ಬಂದು ಕೂತು, ‘ವಿಕಾಸ, ಆಕೀಗೆ ಹೇಳಿದ್ರ ಸೈಕಲ್ ಹೋಗ್ತದ, ಹೇಳದಿದ್ರ ನಾ ದಿನಾ ಅಲ್ಲಿ ನಿಂದರಬೇಕು, ಏನ್ ಮಾಡ್ಲಿ’ ಅಂದ್ರು. ನಾನ ಐಡಿಯಾ ಕೊಟ್ಟೆ. ತಪ್ಪು ನಂದು.” ಅವನು ತಲೆ ತಗ್ಗಿಸಿದ. “ಆದ್ರ ಒಂದು ಹೇಳ್ತೀನಿ. ಮೊದಲನೇ ರಿಂಗ್ ಗಡಿಯಾರ ನೋಡಿ ಕೊಡ್ತೀನಿ, ಅದು ಸುಳ್ಳು. ಎರಡನೇದು ಖರೇನರಿ. ಗೇಟಿನಾಗ ಅವರು ಸೈಕಲ್ಲಿಗೆ ಕೀಲಿ ಹಾಕೂದು ಕಣ್ಣಾರೆ ನೋಡಿದ ಮ್ಯಾಲೇನ ಕೊಡ್ತೀನಿ. ಒಂದು ದಿನ ಪಂಕ್ಚರ್ ಆಗಿ ಹತ್ತು ನಿಮಿಷ ತಡಾ ಆತಲ್ಲ, ಆವತ್ತ ಇಲ್ಲೇ ಗೇಟಿನಾಗ ನಿಂತಿದ್ದೆ, ಒಳಗ ಹೋಗಿರಲಿಲ್ಲ.”

ಆ ದಿನ ಅವಳಿಗೆ ನೆನಪಿತ್ತು. ಗ್ಯಾಸ್ ಆರಿಸಿ ಬಾಲ್ಕನಿಯಲ್ಲಿ ನಿಂತಿದ್ದಳು. ಅದೇ ಹತ್ತು ನಿಮಿಷ ಈ ಹುಡುಗನೂ ಹೀಗೆಯೇ ನಿಂತಿದ್ದ ಎಂದು ಅವಳಿಗೆ ಗೊತ್ತಿರಲಿಲ್ಲ.

“ಚಹಾ ಆರತದ, ಕುಡಿ,” ಎಂದಳು. “ನಾ ಬಂದಿದ್ದು ಅವರಿಗೆ ಹೇಳಬ್ಯಾಡ. ಸಂಜೀಕ ನಾನ ಹೇಳ್ತೀನಿ.”

ಸಂಜೆ ಸಿದ್ದಾರೂಢ ಬಂದು, ಕಾಲಿನ ಕ್ಲಿಪ್ಪು ತೆಗೆದು ತಂತಿಗೆ ಸಿಕ್ಕಿಸಿ, ಸಕ್ಕರೆಯಿಲ್ಲದ ಚಹಾ ಮುಗಿಸುವವರೆಗೆ ಅವಳು ಸುಮ್ಮನಿದ್ದಳು. ಆಮೇಲೆ ಲಕೋಟೆಯನ್ನು ಮೇಜಿನ ಮೇಲಿಟ್ಟಳು. ಅವನು ಕನ್ನಡಕ ಹುಡುಕಿ ಹಾಕಿಕೊಂಡು ಓದಿದ. ಮುಖ ಚಿಕ್ಕ ಹುಡುಗನದಂತೆ ಅರಳಿತು.

“ಏಳು ಪಾಯಿಂಟ್ ಎರಡು. ಅವ್ವಾ, ಕೇಳಿದ್ಯಾ? ನೀ ಯಾವಾಗ ತಂದಿ ಇದನ್ನ?”

“ಬೆಳಿಗ್ಗೆ. ರಿಕ್ಷಾದಾಗ ಹೋಗಿದ್ದೆ. ಇಳಿಜಾರಿನಾಗ ನಿಮ್ಮ ರಿಂಗ್ ಬಂತು.” ಅವಳು ಖಾಲಿ ಕಪ್ಪನ್ನು ತನ್ನ ಕಡೆಗೆ ಎಳೆದುಕೊಂಡಳು. “ನೀವು ನನ್ನ ಮುಂದ ಇದ್ರಿ. ಎರಡೂ ಕೈ ಬ್ರೇಕಿನ ಮ್ಯಾಲೆ.”

ಅವನು ಕನ್ನಡಕ ತೆಗೆದ. ಬಹಳ ಹೊತ್ತು ಅದನ್ನು ಅಂಗಿಯ ಅಂಚಿನಿಂದ ಒರೆಸಿದ.

“ಹೇಳಿದ್ರ ನೀ ಸೈಕಲ್ ಬಿಡಸ್ತಿದ್ದಿ.”

“ಹೌದು. ಬಿಡಸ್ತಿದ್ದೆ.”

“ಮತ್ತ?”

“ಮತ್ತ ಏನು? ಮೂರು ತಿಂಗಳು ನಾ ಒಂದು ಸುಳ್ಳು ರಿಂಗ್ ಕೇಳಿ ನಿಶ್ಚಿಂತಿ ಇದ್ನಿ. ಒಂಬತ್ತೂವರಿ ಆತಂದ್ರ ದೇವರಿಗೆ ಕೈ ಮುಗೀತಿದ್ದೆ. ಅದು ವಿಕಾಸಗ ಮುಗದಂಗ ಆತು.”

“ಮೈದಾನದಾಗ ಸುದ್ದಾ ನಾ ಹಿಡದಿರಲಿಲ್ಲ,” ಎಂದ ಅವನು ಮೆಲ್ಲಗೆ. “ಹಿಡದೀನಿ ಅಂದದ್ದಕ್ಕ ನೀ ಅಷ್ಟು ದೂರ ಹೋಗಿದ್ದಿ.”

“ಬಿದ್ದೆ.”

“ನೋಡಿದ ಮ್ಯಾಲೆ ಬಿದ್ದಿ. ಅಲ್ಲೀತನಕ ಬಿದ್ದಿರಲಿಲ್ಲ.”

ಮಡ್‌ಗಾರ್ಡಿನ ತಗ್ಗಿನ ಬಗ್ಗೆ ಕೇಳಬೇಕೆಂದಿದ್ದಳು. ಟೆಂಪೋ ಒಂದು ಮೊಳ ಮುಂದೆ ಬಂದಿದ್ದರೆ ಎಂದು ಕೇಳಬೇಕೆಂದಿದ್ದಳು. ಆದರೆ ಟೆಂಪೋದ ಮುಂದೆ ಅವನನ್ನು ನಿಲ್ಲಿಸಿದವಳು ತಾನೇ ಎಂಬುದು ಬೆಳಗಿನಿಂದ ಅವಳನ್ನು ಬಿಟ್ಟಿರಲಿಲ್ಲ. ತನ್ನ ಭಯಕ್ಕೆ ಒಂದು ಜಾಗ ಬೇಕಾಗಿತ್ತು, ಪಾನ್ ಅಂಗಡಿಯ ಮುಂದೆ ಇದೆ ಎಂದುಕೊಂಡು ಅವನನ್ನು ಅಲ್ಲಿಗೆ ಕಳಿಸಿದ್ದಳು. ಆ ಅಂಗಡಿಯೇ ಇರಲಿಲ್ಲ.

“ಕರಾರಿನ ಪ್ರಕಾರ ಸೈಕಲ್ ಭಂಗಾರದವನಿಗೆ ಹೋಗಬೇಕು,” ಎಂದಳು ಕಡೆಗೆ.

ಸಂಡಿಗೆ ಬಿಡಿಸುತ್ತಿದ್ದ ಶಿವಬಸವ್ವ ಒಳಗಿನಿಂದಲೇ ಹೇಳಿದರು, “ಒಂದ್ ದಿನಾನೂ ತಪ್ಪಿಲ್ಲಲ್ಲ. ರಿಂಗ್ ಬರಬೇಕು ಅಂದಿದ್ದಿ, ಬಂದದ. ಯಾರ ಕೈಲೆ ಬರಬೇಕು ಅಂತ ನೀ ಎಲ್ಲಿ ಹೇಳಿದ್ದಿ?”

“ನೀವು ವಕೀಲಿ ಮಾಡಬೇಕಾಗಿತ್ತು ಅತ್ಯಾರ.”

“ನಮ್ಮಪ್ಪ ಸಾಲಿ ಬಿಡಿಸಿದ, ಏನ್ ಮಾಡ್ಲಿ.”

ತ್ರಿವೇಣಿಯ ತುಟಿಯ ಅಂಚು ಅಲುಗಿತು. ಅವಳು ರಿಪೋರ್ಟನ್ನು ಮಡಚಿ ಮತ್ತೆ ಲಕೋಟೆಯೊಳಗಿಟ್ಟಳು.

“ಮೊದಲನೇ ರಿಂಗ್ ಇನ್ನ ಬ್ಯಾಡ,” ಎಂದಳು. “ಮುಟ್ಟಿದ ಮ್ಯಾಲೆ ಎರಡು ಸಾಕು. ಫೋನ್ ವಿಕಾಸನ ಹತ್ರಾನ ಇರಲಿ. ನಿಮ್ಮ ಕೈ ಬ್ರೇಕಿನ ಮ್ಯಾಲೆ ಇರಲಿ.”

ಅವನು ತಲೆಯೆತ್ತಿ ಅವಳನ್ನು ನೋಡಿದ. “ನಿನಗ ನಡೀತದ?”

“ನಡಿಯೂದಿಲ್ಲ. ಆದ್ರೂ ಬ್ಯಾಡ. ಆದ್ರ ಬಿದ್ರ ಹೇಳಬೇಕು. ಅಂಗೈ ತರಚಿದ್ರೂ ಹೇಳಬೇಕು. ನಾ ಸೈಕಲ್ ಬಿಡಸೂದಿಲ್ಲ.”

“ಹೇಳ್ತೀನಿ.”

“ಹಿಡದೀನಿ ಅಂದಂಗ ಅಲ್ಲಲ್ಲ?”

ಅವನು ನಕ್ಕ. “ಅಲ್ಲ.”

ಮರುದಿನ ಬೆಳಿಗ್ಗೆ ಅವಳೇ ಅವನ ಮೊಬೈಲನ್ನು ಟಿಫಿನ್ ಚೀಲದ ಪಕ್ಕದ ಕಿಸೆಯಲ್ಲಿಟ್ಟು ಗುಂಡಿ ಹಾಕಿದಳು. ತಂತಿಯಿಂದ ಎರಡು ಕೆಂಪು ಕ್ಲಿಪ್ಪು ತೆಗೆದು ಕೊಟ್ಟಳು. ಅವನು ಕೆಳಗಿಳಿದು ಹೋದ. ಬಾಲ್ಕನಿಯಲ್ಲಿ ನಿಂತವಳಿಗೆ ಗಲ್ಲಿಯ ತಿರುವಿನಲ್ಲಿ ಅವನು ಗಂಟೆ ಬಾರಿಸಿದ್ದು ಕೇಳಿಸಿತು. ತಿರುಗಿದ ಮೇಲೂ ಬಾರಿಸುತ್ತಲೇ ಇದ್ದ. ಸುಲಭಾಳ ಮನೆಯ ಕಿಟಕಿ ತೆರೆದುಕೊಂಡಿತು. ಸದ್ದು ಸಣ್ಣದಾಗಿ, ವಾಹನಗಳ ಗದ್ದಲದಲ್ಲಿ ಕರಗಿ, ಇದೆಯೋ ಇಲ್ಲವೋ ಎನ್ನುವಂತಾಗಿ, ನಿಂತಿತು.

ಒಂಬತ್ತೂವರೆಗೆ ಅಕ್ಕಿಯ ಡಬ್ಬಿಯ ಪಕ್ಕ ಫೋನು ಮಿಡಿಯಿತು. ಸ್ನೇಹಲ್ ಪಪ್ಪಾ. ತ್ರಿವೇಣಿ ಒಂದು ಕ್ಷಣ ಹಾಗೆಯೇ ನೋಡಿದಳು. ಆಮೇಲೆ ಮೂರು ತಿಂಗಳಲ್ಲಿ ಮೊದಲ ಸಲ ಎತ್ತಿದಳು.

ಆ ಕಡೆ ಗಾಬರಿ. “ಹಲೋ? ವಹಿನಿ? ಎತ್ತಿದ್ರಿ?”

“ಅವರು ಮುಟ್ಯಾರೇನು ವಿಕಾಸ?”

“ಇಲ್ರಿ ಇನ್ನೂ. ರೂಢಿಯಿಂದ ಒತ್ತಿಬಿಟ್ಟೆ. ಸಾಹೇಬ್ರು ಗಲ್ಲೀ ತುದೀಗೆ ಹೇಳಿದ್ರು, ಮರ್ತ ಹೋತು.”

“ಹಂಗಿದ್ರ ಸುಮ್ಮನ ಕೂಡು. ಬಂದ ಮ್ಯಾಲೆ ಕೊಡು.”

ಫೋನನ್ನು ಡಬ್ಬಿಗೆ ಆನಿಸಿಟ್ಟಳು. ಇನ್ನು ಕಾಲು ಗಂಟೆ, ಅವನಿಗೂ ಅವಳಿಗೂ ನಡುವೆ ಏನೂ ಇಲ್ಲದ ಕಾಲು ಗಂಟೆ. ಅವಳ ಕಣ್ಣ ಮುಂದೆ ಕೆತ್ತಿದ ಗೋಡೆ ಬಂತು, ಟೆಂಪೋ ಬಂತು. ನೆಟ್ಟಗೆ ಕೂತ ನೀಲಿ ಬೆನ್ನೂ ಬಂತು, ಪ್ರತಿ ತಿರುವಿನಲ್ಲಿ ತಿರುಗಿ ನೋಡುವ ತಲೆಯೂ ಬಂತು. ಅವಳು ಕೊಬ್ಬರಿ, ಹಸಿಮೆಣಸು, ಹುರಿಗಡಲೆ ಮಿಕ್ಸರಿಗೆ ಹಾಕಿ ಮುಚ್ಚಳ ಒತ್ತಿದಳು. ಸ್ವಿಚ್ಚಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನಿಂತಳು.

ಬಾಗಿಲಲ್ಲಿ ಶಿವಬಸವ್ವ ಸಂಡಿಗೆಯ ಬುಟ್ಟಿ ಹಿಡಿದು ನಿಂತಿದ್ದರು. “ಫೋನ್ ಕೇಳಸೂದಿಲ್ಲ ನೋಡು.”

“ಬಂದಿದ್ರ ಅದರಾಗ ಇರ್ತದ್ರಿ,” ಎಂದಳು ತ್ರಿವೇಣಿ, ಮತ್ತು ಸ್ವಿಚ್ ಒತ್ತಿದಳು.

ಚಟ್ನಿ ಬೇಕಾದ್ದಕ್ಕಿಂತ ನುಣ್ಣಗಾಯಿತು. ಮಿಕ್ಸರ್ ನಿಲ್ಲಿಸಿ, ಬಟ್ಟಲಿಗೆ ತೆಗೆದು, ಬೆರಳು ತೊಳೆದು, ಸೆರಗಿಗೆ ಒರೆಸಿಕೊಂಡು, ಆಮೇಲೆ ಅವಳು ಅಕ್ಕಿಯ ಡಬ್ಬಿಯ ಕಡೆಗೆ ತಿರುಗಿದಳು. ಪರದೆ ಇನ್ನೂ ಬೆಳಗುತ್ತಿತ್ತು. ಮಿಸ್ ಕಾಲ್, ಸ್ನೇಹಲ್ ಪಪ್ಪಾ.